ಬೇಲೂರು ಓದೋಕೆ ಲಂಡನ್ನಲ್ಲಿ ಫೀಸು ಕಟ್ಟಬೇಕಾ?

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಈ ಪ್ರಕರಣವನ್ನು ಬರೆಯಲು ಕುಟುಂಬದ ಮೂವರೂ ಒಪ್ಪಿದ್ದಾರೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಮೇಘನಾ ಎಂದು ಕರೆಯುತ್ತೇನೆ, ಅದು ಅವಳ ಹೆಸರಲ್ಲ.

2024ರ ಅಕ್ಟೋಬರಿನಲ್ಲಿ ಮೊದಲು ಫೋನು ಮಾಡಿದವರು ತಾಯಿ. "ಮೂರು ವಾರದಿಂದ ಅಪ್ಪ ಮಗಳು ಮಾತಾಡಿಲ್ಲ ಮೇಡಂ. ಊಟದ ತಟ್ಟೆ ರೂಮಿಗೆ ತಗೊಂಡು ಹೋಗ್ತಾಳೆ. ಇವರು ಟೀವಿ ಮುಂದೆ ಕೂತು ತಿಂತಾರೆ. ನಾನು ಅಡುಗೆಮನೇಲಿ ನಿಂತ್ಕೊಂಡು ತಿಂತೀನಿ."

ಮೇಘನಾಗೆ ಆಗ ಹದಿನೇಳು. ನಮ್ಮ ಪಿಯುಸಿಯಂಥ ಎ ಲೆವೆಲ್‌ಗೆ ಇತಿಹಾಸ, ಗಣಿತ, ಅರ್ಥಶಾಸ್ತ್ರ ಓದುತ್ತಿದ್ದಳು. ಇಲ್ಲಿ ಪದವಿಗೆ ಯುಕ್ಯಾಸ್ ಎಂಬ ಒಂದೇ ಕಡೆ ಅರ್ಜಿ ಹಾಕಬೇಕು. ಐದು ಆಯ್ಕೆ ಕೊಡಬಹುದು, ಆದರೆ ಐದಕ್ಕೂ ಹೋಗುವ ಸ್ವಪರಿಚಯದ ಬರಹ ಒಂದೇ, 4,000 ಅಕ್ಷರಗಳೊಳಗೆ. ಮನೆಯ ಕಂಪ್ಯೂಟರಿನಲ್ಲಿ ಅಂಥ ಬರಹ ಎರಡು ಇದ್ದವು. ಒಂದು ಅರ್ಥಶಾಸ್ತ್ರಕ್ಕೆ ಬರೆದದ್ದು, ಅದನ್ನು ತಂದೆಯೇ ಸಾಲು ಸಾಲಾಗಿ ತಿದ್ದಿದ್ದರು. ಇನ್ನೊಂದು ಏಷ್ಯಾ ಮತ್ತು ಆಫ್ರಿಕಾದ ಕಲಾ ಇತಿಹಾಸಕ್ಕೆ ಬರೆದದ್ದು. ಅದು ತಂದೆಯ ಕಣ್ಣಿಗೆ ಬಿದ್ದ ದಿನದಿಂದ ಮಾತು ನಿಂತಿತ್ತು.

ಕುಟುಂಬದ ಸ್ನೇಹಿತರೊಬ್ಬರು ನಡುವೆ ಬಂದು ದಾರಿ ತೋರಿಸಿದ್ದರು: ಎರಡನ್ನೂ ಸೇರಿಸಿದ ಜೋಡಿ ಪದವಿ ಇದೆಯಲ್ಲ, ಅರ್ಧ ನಿಮ್ಮದು, ಅರ್ಧ ಅವಳದು. ತಂದೆ ಒಪ್ಪಿದರು, ಮಗಳೂ ತಲೆಯಾಡಿಸಿದಳು. ಅವತ್ತು ರಾತ್ರಿ ಅವಳು ಬೆಳಗಿನವರೆಗೂ ಅತ್ತಳಂತೆ. ಜಗಳವಾಗಿದ್ದಾಗ ಬಾರದ ಅಳು ರಾಜಿಯಾದ ಮೇಲೆ ಯಾಕೆ ಬಂತು ಎಂದು ತಾಯಿಗೆ ಗಾಬರಿ. ಅದನ್ನೇ ಕೇಳಲು ನನಗೆ ಫೋನು ಮಾಡಿದ್ದರು.

ಮೊದಲ ಸಲ ಗಂಡ ಹೆಂಡತಿ ಇಬ್ಬರೇ ಬಂದರು. ತಂದೆ ಅರಸೀಕೆರೆ ಕಡೆಯವರು, ಸಾಫ್ಟ್‌ವೇರ್ ಕೆಲಸದ ಮೇಲೆ ಬಂದು ಹದಿನೆಂಟು ವರ್ಷವಾಗಿತ್ತು. ಬೇಲೂರಿನ ಗುಡಿ ನೋಡಿ ಮಗಳು ಹಿಡಿದ ಈ ವಿಷಯದ ಮೇಲೆ ಅವರಿಗೆ ತಿರಸ್ಕಾರವೇನೂ ಇರಲಿಲ್ಲ. ಅವರ ಪ್ರಶ್ನೆಯೇ ಬೇರೆ. "ಅಲ್ಲ ಮೇಡಂ, ಬೇಲೂರು ನಮ್ಮನೆಯಿಂದ ಒಂದೂವರೆ ಗಂಟೆ ದಾರಿ. ಬೇಲೂರು ಓದೋಕೆ ಲಂಡನ್ನಲ್ಲಿ ಫೀಸು ಕಟ್ಬೇಕಾ?"

ಇದಕ್ಕೆ ಉತ್ತರ ನನಗೂ ಆಗ ಸರಿಯಾಗಿ ಹೊಳೆದಿರಲಿಲ್ಲ. ಫೀಸಿನ ಬಗ್ಗೆ ಮಾತು ಮುಂದುವರಿಸಿದೆ. ಆಗ ಅವರು ಹೇಳಿದರು: "ನಮ್ಮಪ್ಪ ತೆಂಗಿನ ತೋಟ ಅಡ ಇಟ್ಟು ನನ್ನ ಇಂಜಿನಿಯರಿಂಗ್ ಸೇರಿಸಿದ್ರು. ಅದನ್ನ ಬಿಡಿಸ್ಕೊಳ್ಳೋಕೆ ಒಂಬತ್ತು ವರ್ಷ ಆಯ್ತು. ಸಾಲ ಅಂದ್ರೆ ಏನು ಅಂತ ಇವಳಿಗೆ ಗೊತ್ತಿಲ್ಲ."

ಈ ಮನೆಯ ಮಟ್ಟಿಗೆ ಅದೇ ಬೇರು. ಇಲ್ಲಿನ ವಿದ್ಯಾರ್ಥಿ ಸಾಲವನ್ನು ಅವರು ತೋಟದ ಸಾಲದಂತೆಯೇ ಕಾಣುತ್ತಿದ್ದರು. ಕಾಗದ ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದೆ. ಇಂಗ್ಲೆಂಡಿನ ನಿವಾಸಿ ವಿದ್ಯಾರ್ಥಿಗೆ 2025ರ ಶುಲ್ಕ ವರ್ಷಕ್ಕೆ ಗರಿಷ್ಠ 9,535 ಪೌಂಡ್. ಸಾಲ ಮಗಳ ಹೆಸರಿನಲ್ಲಿ, ಮನೆ ತೋಟ ಯಾವುದೂ ಒತ್ತೆಯಲ್ಲ. ಓದು ಮುಗಿದ ಮೇಲೆ ಸಂಬಳ ವರ್ಷಕ್ಕೆ 25,000 ಪೌಂಡ್ ದಾಟಿದರೆ, ದಾಟಿದ ಮೊತ್ತದ ಮೇಲೆ ಮಾತ್ರ ನೂರಕ್ಕೆ 9 ಕಡಿತ. 30,000 ಸಂಬಳ ಬಂದರೆ ವರ್ಷಕ್ಕೆ 450, ತಿಂಗಳಿಗೆ ಮೂವತ್ತೆಂಟು ಪೌಂಡಿಗೂ ಕಡಿಮೆ. 40 ವರ್ಷವಾದ ಮೇಲೆ ಉಳಿದದ್ದು ಮನ್ನಾ. ಇದು ಹಗುರವಾದ ಸಾಲ ಎಂದು ನಾನು ಹೇಳಲಿಲ್ಲ. ನಲವತ್ತು ವರ್ಷ ಸಣ್ಣ ಅವಧಿಯಲ್ಲ. ಆದರೆ ಯಾರೂ ಬಂದು ಬಾಗಿಲಿಗೆ ಬೀಗ ಹಾಕುವ ಸಾಲ ಇದಲ್ಲ ಎಂಬುದು ಅವರಿಗೆ ಗೊತ್ತಾಗಬೇಕಿತ್ತು.

ಎರಡನೇ ಸಲ ಮೇಘನಾ ಒಬ್ಬಳೇ ಬಂದಳು. ಇಲ್ಲಿ ನನ್ನದೊಂದು ತಪ್ಪು. ಅವಳಿಗೆ ಬೇಕಾದದ್ದು ಏನೆಂದು ಅವಳಿಗೆ ಖಚಿತವಾಗಿ ಗೊತ್ತಿದೆ, ಅಪ್ಪನೇ ಅಡ್ಡಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಕೂತಿದ್ದೆ. "ಅರ್ಥಶಾಸ್ತ್ರ ಕಂಡರೆ ಆಗಲ್ವಾ?" ಎಂದೆ. "ಇಲ್ಲ ಆಂಟಿ, ಇಷ್ಟಾನೇ. ಆದರೆ ಈಗ ಅದು ಅಪ್ಪನ ಅರ್ಧ ಆಗ್ಬಿಟ್ಟಿದೆ. ಅದರಲ್ಲಿ ಮಾರ್ಕ್ಸ್ ಕಮ್ಮಿ ಬಂದ್ರೆ ಅಪ್ಪನ ಮೇಲಿನ ಸಿಟ್ಟಿಗೆ ಬೇಕಂತಲೇ ಮಾಡಿದ ಹಾಗೆ, ಇನ್ನೊಂದರಲ್ಲಿ ಕಮ್ಮಿ ಬಂದ್ರೆ ನಾನು ಹೇಳಿದ್ದೇ ಸುಳ್ಳು ಅಂದ ಹಾಗೆ."

ಇಡೀ ಪ್ರಕರಣದಲ್ಲಿ ಮುಖ್ಯವಾದ ಮಾತು ಇದೇ. ಜೋಡಿ ಪದವಿಯನ್ನು ಆಸ್ತಿ ಪಾಲು ಮಾಡಿದಂತೆ ಹಂಚಿಬಿಟ್ಟಿದ್ದರು. ಮೂರು ವರ್ಷ ಅವಳು ಆ ಗೋಡೆಯ ಎರಡೂ ಬದಿಗೆ ಓಡಾಡಬೇಕಿತ್ತು. ಅಳು ಬಂದದ್ದು ಅದಕ್ಕೆ.

ಕಲಾ ಇತಿಹಾಸ ಎಲ್ಲಿಂದ ಶುರುವಾಯಿತು ಎಂದು ಕೇಳಿದೆ. 2023ರ ಬೇಸಿಗೆ ರಜೆಯಲ್ಲಿ ಬೇಲೂರಿಗೆ ಹೋಗಿದ್ದರಂತೆ. ಮದನಿಕೆಯೊಂದರ ಪಾದದ ಕೆಳಗೆ ಅಕ್ಷರ ಇರುವುದನ್ನು ಗೈಡು ತೋರಿಸಿದ. ಮೇಘನಾಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅಪ್ಪನನ್ನು ಕೇಳಿದಳು. ಅವರೂ ಒಂದೆರಡು ಅಕ್ಷರ ಹಿಡಿದು ನಿಂತುಬಿಟ್ಟರು. ಹನ್ನೆರಡನೇ ಶತಮಾನದ ಲಿಪಿ, ಈಗಿನ ಕಣ್ಣಿಗೆ ಸುಲಭವಲ್ಲ. ಗೈಡೇ ಓದಿ ಹೇಳಿದ: ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣನ ಹೆಸರೂ ಅದೇ ಗುಡಿಯಲ್ಲಿದೆ. "ಹೆಸರು ಅಲ್ಲೇ ಇದೆ ಆಂಟಿ, ಒಂಬೈನೂರು ವರ್ಷದಿಂದ. ನಮ್ಮಿಬ್ಬರಿಗೂ ಓದೋಕೆ ಬರಲಿಲ್ಲ."

ವಾಪಸು ಬಂದು ಶಾಲೆಯ ಲೈಬ್ರರಿಯಲ್ಲಿ ಹುಡುಕಿದಾಗ ಸಿಕ್ಕಿದ ಪುಸ್ತಕಗಳಲ್ಲಿ ಯೂರೋಪಿನ ಕಲೆಗೆ ಶತಮಾನ, ಪಂಥ, ಕಲಾವಿದರ ಹೆಸರು ಎಲ್ಲ ಇತ್ತು. ಉಳಿದ ಲೋಕಕ್ಕೆ ಕೊನೆಯಲ್ಲೊಂದು ಅಧ್ಯಾಯ. "ನಾನ್ ವೆಸ್ಟರ್ನ್, ಪಾಶ್ಚಾತ್ಯ ಅಲ್ಲದ್ದು ಅಂತಾರೆ. ಯಾವುದು ಅಲ್ಲ ಅಂತ ಹೇಳ್ತಾರೆ, ಯಾವುದು ಹೌದು ಅಂತ ಹೇಳೋದೇ ಇಲ್ಲ" ಎಂದಳು. ಅವಳ ಸಿಟ್ಟಿಗೆ ಆಧಾರವಿದೆ. ಬ್ಯಾನಿಸ್ಟರ್ ಫ್ಲೆಚರ್‌ನ ವಾಸ್ತುಶಿಲ್ಪದ ಇತಿಹಾಸವನ್ನು ಇಂಗ್ಲಿಷ್ ಬಲ್ಲ ಲೋಕದ ವಾಸ್ತುಶಿಲ್ಪ ವಿದ್ಯಾರ್ಥಿಗಳು ತಲೆಮಾರುಗಟ್ಟಲೆ ಓದಿದರು. ಅದರ 1901ರ ಆವೃತ್ತಿಯಲ್ಲಿ ಭಾರತ, ಚೀನಾ, ಜಪಾನಿನ ಕಟ್ಟಡಗಳು 'ಇತಿಹಾಸವಿಲ್ಲದ ಶೈಲಿಗಳು' ಎಂಬ ಭಾಗಕ್ಕೆ ಹೋದವು. ಕಟ್ಟಿದವರ ಹೆಸರು, ದಾನ ಕೊಟ್ಟವರ ಹೆಸರು, ಶಕವರ್ಷ, ತಿಥಿ ಎಲ್ಲವನ್ನೂ ಕಲ್ಲಿನಲ್ಲಿ ಕೊರೆಸಿಟ್ಟ ನಾಡಿಗೆ ಇತಿಹಾಸವಿಲ್ಲ ಎಂದರು. ನನಗೂ ಈ ಬಗ್ಗೆ ಸಂಕಟವಿದೆ, ಮರೆಮಾಚುವುದಿಲ್ಲ. ಆದರೆ ಒಂದು ಮಾತು ಅವಳಿಗೆ ಹೇಳಿದೆ: 'ನಾನ್ ವೆಸ್ಟರ್ನ್' ಎಂಬ ಹೆಸರು ಕೆಟ್ಟದ್ದಿದೆ ಎಂಬ ಕೋಪದ ಮೇಲೆ ಮೂರು ವರ್ಷದ ಓದು ನಿಲ್ಲುವುದಿಲ್ಲ. ದಾಸೋಜನ ಹೆಸರು ಓದಲಾಗಲಿಲ್ಲ ಎಂಬ ಕೊರಗಿನ ಮೇಲೆ ನಿಲ್ಲಬಹುದು.

ಮೂರನೇ ಭೇಟಿಗೆ ಮುಂಚೆ ಒಂದು ಮನೆಗೆಲಸ ಕೊಟ್ಟೆ. ಅಪ್ಪ ಮಗಳು ಇಬ್ಬರೇ ಬ್ರಿಟಿಷ್ ಮ್ಯೂಸಿಯಂಗೆ ಹೋಗಬೇಕು. ಪ್ರವೇಶ ಉಚಿತ. 95ನೇ ಕೋಣೆಯಲ್ಲಿ ಪರ್ಸಿವಲ್ ಡೇವಿಡ್ ಸಂಗ್ರಹದ ಚೀನೀ ಪಿಂಗಾಣಿ ಇದೆ. ಅಲ್ಲಿನ ಎರಡು ನೀಲಿ ಬಿಳಿ ಹೂದಾನಿಗಳ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಅರ್ಜಿಯ ಮಾತು ಎತ್ತಬಾರದು. ಬೇಲೂರಿನದ್ದೇ ಏನಾದರೂ ನೋಡಿ ಬನ್ನಿ ಎಂದಿದ್ದರೆ ತಂದೆ 'ಇದು ನನಗೆ ಗೊತ್ತು' ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಇಬ್ಬರಿಗೂ ಗೊತ್ತಿಲ್ಲದ ವಸ್ತು ಬೇಕಿತ್ತು.

ಅವರು ಬಂದು ಹೇಳಿದ್ದನ್ನು ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ಆ ಹೂದಾನಿಗಳ ಕುತ್ತಿಗೆಯ ಮೇಲೆ ಬರಹವಿದೆ: ಝಾಂಗ್ ವೆನ್‌ಜಿನ್ ಎಂಬ ಭಕ್ತ ತನ್ನ ಮನೆಮಂದಿಯ, ಮಕ್ಕಳ ಒಳಿತಿಗಾಗಿ ಗುಡಿಯೊಂದಕ್ಕೆ ಒಪ್ಪಿಸಿದ್ದು, ಇಸವಿಯ ಲೆಕ್ಕದಲ್ಲಿ 1351. ಆ ಒಂದು ತೇದಿ ಸಿಕ್ಕಿದ್ದರಿಂದಲೇ ಆ ಕಾಲದ ಬೇರೆ ಪಿಂಗಾಣಿಗಳ ವಯಸ್ಸು ಗೊತ್ತು ಮಾಡಲು ದಾರಿಯಾಯಿತು. ತಂದೆ ವಿವರ ಓದಿ ನಕ್ಕರಂತೆ. "ನಮ್ಮೂರ ದೇವಸ್ಥಾನದ ಗಂಟೆ ಮೇಲೆ ಬರೆಸಿದ ಹಾಗೇ ಇದೆಯಲ್ಲೇ, ಇಂಥವರ ಸೇವಾರ್ಥ ಅಂತ." ಆಮೇಲೆ ಅವರ ಪ್ರಶ್ನೆಗಳು ಶುರುವಾದವು. ನೀಲಿ ಬಣ್ಣದ ಕೋಬಾಲ್ಟ್ ಇರಾನಿನಿಂದ ಚೀನಾಕ್ಕೆ ಹೋಗುತ್ತಿತ್ತಂತೆ. ಹೇಗೆ ಹೋಗುತ್ತಿತ್ತು? ಯಾರು ತರಿಸುತ್ತಿದ್ದರು? ದುಡ್ಡು ಯಾರು ಹಾಕಿದರು? ಹೀಗೆ ಕೇಳುತ್ತಿರುವುದು ತನ್ನ ಅರ್ಥಶಾಸ್ತ್ರವನ್ನೇ ಎಂದು ಮಗಳಿಗೆ ಅಲ್ಲೇ ಹೊಳೆದಿದೆ. ಬೇಲೂರಿನ ಕಲ್ಲಿಗೂ ಇದೇ ಪ್ರಶ್ನೆ ಹಾಕಬಹುದು. ಹೊಯ್ಸಳರ ಶಾಸನಗಳ ತುಂಬ ದತ್ತಿ ಬಿಟ್ಟ ಗದ್ದೆ, ತೆರಿಗೆ, ಗದ್ಯಾಣದ ಲೆಕ್ಕ.

ಫೀಸಿನ ಪ್ರಶ್ನೆಗೆ ಉತ್ತರವೂ ಆ ಕೋಣೆಯಲ್ಲೇ ಇತ್ತು. ಬೇಲೂರು ನೋಡಲು ಬೇಲೂರಿಗೇ ಹೋಗಬೇಕು. ಆದರೆ ಚೀನಾದ ಪಿಂಗಾಣಿ, ಪಶ್ಚಿಮ ಆಫ್ರಿಕಾದಲ್ಲಿ ಈಗ ನೈಜೀರಿಯಾಕ್ಕೆ ಸೇರಿದ ಬೆನಿನ್‌ನ ಹಿತ್ತಾಳೆ ಫಲಕ, ಇರಾನಿನ ಹೆಂಚು, ಶ್ರೀರಂಗಪಟ್ಟಣದಿಂದ 1799ರಲ್ಲಿ ಹೊತ್ತು ತಂದ ಟಿಪ್ಪುವಿನ ಹುಲಿ, ಇಷ್ಟನ್ನೂ ಒಂದೇ ಊರಿನಲ್ಲಿ ಎದುರು ಬದುರಾಗಿಟ್ಟು ಕೇಳುವುದು ಇಲ್ಲಿ ಆಗುತ್ತದೆ. ಅವು ಇಲ್ಲಿಗೆ ಹೇಗೆ ಬಂದವು ಎಂಬುದೂ ಪಾಠದ ಭಾಗವೇ. ಬೆನಿನ್‌ನ ಫಲಕಗಳು 1897ರ ಬ್ರಿಟಿಷ್ ದಾಳಿಯ ಲೂಟಿ. 2022ರಲ್ಲಿ ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ ಅಂಥ 72 ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬರೆದುಕೊಟ್ಟಿತು. ಬ್ರಿಟಿಷ್ ಮ್ಯೂಸಿಯಂಗೆ 1963ರ ಕಾಯ್ದೆ ಹಾಗೆ ಬಿಟ್ಟುಕೊಡಲು ಅಡ್ಡ ನಿಂತಿದೆ. ಈ ಓದಿಗೆಂದೇ ಹೆಸರಾದ ಸೋಯಾಸ್ ಎಂಬ ವಿದ್ಯಾಸಂಸ್ಥೆ 1916ರಲ್ಲಿ ಸ್ಥಾಪನೆಯಾದದ್ದು, ಆ ಮ್ಯೂಸಿಯಮ್ಮಿಗೆ ಕೆಲವೇ ನಿಮಿಷದ ನಡಿಗೆ.

ಕೊನೆಯ ಭೇಟಿಯಲ್ಲಿ ಮೂವರಿಗೂ ಕೊಟ್ಟ ಸಲಹೆ ಇದು.

ಪದವಿಯ ಹೆಸರಿನಲ್ಲಿ 'ಅಂಡ್' ಇದೆಯೋ 'ವಿತ್' ಇದೆಯೋ ನೋಡಿ ಎಂದೆ. ಸಾಮಾನ್ಯವಾಗಿ 'ಅಂಡ್' ಎಂದರೆ ಎರಡೂ ವಿಷಯ ಸಮ, ವರ್ಷದ 120 ಕ್ರೆಡಿಟ್ಟಿನಲ್ಲಿ ಅರವತ್ತು ಅರವತ್ತು. 'ವಿತ್' ಎಂದರೆ ಮೊದಲಿನದ್ದು ಮುಖ್ಯ, ಎರಡನೆಯದು ಕಾಲು ಭಾಗದಷ್ಟು. ಬಹಳ ಮನೆಗಳಲ್ಲಿ ಈ ಒಂದು ಪದವನ್ನು ಗಮನಿಸುವುದೇ ಇಲ್ಲ. ಸಮಪಾಲು ಎಂದರೆ ಎರಡು ವಿಭಾಗ, ಎರಡು ವೇಳಾಪಟ್ಟಿ, ಎರಡು ಕಡೆಯ ಗೆಳೆಯರು. ಎರಡರಲ್ಲೂ ಅರೆಬರೆ ನೆಂಟರಂತೆ ಅನಿಸುವ ದಿನಗಳು ಬರುತ್ತವೆ. ಅದು ಸೋಲಲ್ಲ ಎಂದು ಮೇಘನಾಗೆ ಮೊದಲೇ ಹೇಳಿಟ್ಟೆ.

ವಿಶ್ವವಿದ್ಯಾಲಯಗಳು ಹೊಸಬರನ್ನು ಕರೆದು ತೋರಿಸುವ ಓಪನ್ ಡೇ ದಿನ ಕಟ್ಟಡ ನೋಡಿ ಬರುವುದು ಸಾಲದು. ದಕ್ಷಿಣ ಏಷ್ಯಾದ ಕಲೆ ಕಲಿಸುವ ಕಾಯಂ ಅಧ್ಯಾಪಕರು ಎಷ್ಟು ಜನ, ಪಟ್ಟಿಯಲ್ಲಿರುವ ಪಾಠಗಳಲ್ಲಿ ಹೋದ ವರ್ಷ ನಿಜವಾಗಿ ನಡೆದದ್ದು ಯಾವುವು, ಕೊನೆಯ ವರ್ಷದ ಪ್ರಬಂಧವನ್ನು ಎರಡು ವಿಭಾಗಗಳ ಮಧ್ಯೆ ಬರೆಯಲು ಬಿಡುತ್ತಾರೋ ಇಲ್ಲವೋ, ಇವನ್ನು ಬಾಯಿಬಿಟ್ಟು ಕೇಳಬೇಕು. ಮಾನವಿಕ ವಿಭಾಗಗಳು ಇಲ್ಲಿ ಕುಗ್ಗುತ್ತಿರುವ ಕಾಲ. ಪ್ರಾಸ್ಪೆಕ್ಟಸ್ಸಿನಲ್ಲಿ ಇಡೀ ಜಗತ್ತು, ತರಗತಿಯಲ್ಲಿ ಒಂದೇ ಮೂಲೆ ಎಂಬಂತೆ ಆಗಬಾರದು.

ಕೆಲಸದ ಬಗ್ಗೆ ತಂದೆಗೆ ಸುಳ್ಳು ಸಮಾಧಾನ ಹೇಳಲಿಲ್ಲ. ಮ್ಯೂಸಿಯಂ ಕೆಲಸಗಳು ಕಡಿಮೆ, ಶುರುವಿನ ಸಂಬಳವೂ ಕಡಿಮೆ, ಕ್ಯುರೇಟರ್ ಆಗಲು ಬಹುತೇಕ ಸ್ನಾತಕೋತ್ತರ ಪದವಿ ಬೇಕು. ಆದರೆ ಇಲ್ಲಿ ಬಹಳಷ್ಟು ಕೆಲಸಗಳಿಗೆ ಯಾವ ಪದವಿಯಾದರೂ ನಡೆಯುತ್ತದೆ. ಸಾಲಿಸಿಟರ್ ಎಂಬ ವಕೀಲಿ ವೃತ್ತಿಗೂ ಕಾನೂನಿನ ಪದವಿಯೇ ಬೇಕೆಂದಿಲ್ಲ. 2021ರಲ್ಲಿ ಬಂದ ಕ್ರಮದಲ್ಲಿ ಯಾವುದಾದರೂ ಪದವಿ, ಎಸ್‌ಕ್ಯುಇ ಎಂಬ ಸಾಲಿಸಿಟರ್ ಅರ್ಹತಾ ಪರೀಕ್ಷೆಗಳು, ಎರಡು ವರ್ಷದ ಕೆಲಸದ ಅನುಭವ ಇದ್ದರಾಯಿತು. ಅಪ್ಪ ಇದನ್ನು ಬರೆದುಕೊಂಡರು.

ಅರ್ಜಿಯ ಬರಹವನ್ನು ಅರ್ಧ ಕಲೆ, ಅರ್ಧ ಅರ್ಥಶಾಸ್ತ್ರ ಎಂದು ಹೊಲಿಯಬೇಡ, ಒಂದೇ ಪ್ರಶ್ನೆ ಹಿಡಿದು ಬರಿ ಎಂದೆ: ಇದನ್ನು ಮಾಡಿದವರು ಯಾರು, ದುಡ್ಡು ಕೊಟ್ಟವರು ಯಾರು, ಹೊತ್ತೊಯ್ದವರು ಯಾರು. (2026ರಲ್ಲಿ ಸೇರುವವರಿಂದ ಆ ಒಂದು ಬರಹದ ಬದಲು ಮೂರು ಪ್ರಶ್ನೆಗಳು ಬಂದಿವೆ. ಸಲಹೆ ಅದೇ.) ತಂದೆಗೆ ಒಂದು ನಿರ್ಬಂಧ ಹಾಕಿದೆ. ಓದಬಹುದು, ತಿದ್ದುವ ಹಾಗಿಲ್ಲ. ಅವರಿಗೆ ಅದು ಕಷ್ಟವಾಯಿತು, ಪಾಲಿಸಿದರು.

ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಅವಳು ಜೊತೆ ವಿಷಯವಾಗಿ ಒಂದು ಭಾಷೆ ತೆಗೆದುಕೊಳ್ಳಲಿ, ಸಂಸ್ಕೃತವೋ ಪಾರಸಿಯೋ, ಎಂದು ಆಸೆಪಟ್ಟಿದ್ದೆ. ಓದಲು ಬಾರದ ನೋವಿನಿಂದ ಹೊರಟವಳಲ್ಲವೇ? ಒಮ್ಮೆ ಹೇಳಿಯೂ ನೋಡಿದೆ. ಯೋಚಿಸಿದಳು, ಬೇಡವೆಂದಳು. ಹಳಗನ್ನಡ ಕಲಿಯಬೇಕಾದರೆ ಊರಿಗೇ ಬಂದು ಕಲಿಯುತ್ತೇನೆ, ಅದಕ್ಕೆ ಬೇರೆ ಭಾಷೆಯನ್ನು ಬದಲಿಯಾಗಿ ಇಟ್ಟುಕೊಳ್ಳುವುದಿಲ್ಲ ಎಂದಳು. 2025ರ ಜನವರಿ 29ರ ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಅರ್ಜಿ ಹೋಯಿತು. ಐದರಲ್ಲಿ ಮೂರು ಅರ್ಥಶಾಸ್ತ್ರದ ಜೊತೆಗಿನ ಜೋಡಿ. ಸೆಪ್ಟೆಂಬರಿನಲ್ಲಿ ಅವುಗಳಲ್ಲೊಂದಕ್ಕೆ ಸೇರಿದಳು.

ಡಿಸೆಂಬರಿನಲ್ಲಿ ತಂದೆ ಒಬ್ಬರೇ ಊರಿಗೆ ಹೋಗಿದ್ದರು. ಅಲ್ಲಿಂದ ಮಗಳಿಗೆ ಕಳಿಸಿದ ಫೋಟೋವನ್ನು ನನಗೂ ಕಳಿಸಿದರು. ಕೆರೆ ಏರಿಯ ಮೇಲಿನ ವೀರಗಲ್ಲು; ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಚಿಕ್ಕಂದಿನಲ್ಲಿ ಅವರು ಎಮ್ಮೆ ಕಟ್ಟುತ್ತಿದ್ದ ಕಲ್ಲು. ಅಕ್ಷರ ಇದೆಯಾ ನೋಡಿ ಅಪ್ಪ ಎಂದು ಮಗಳು ಕೇಳಿದ್ದಳಂತೆ. ಬರೀ ನೀರು ಹಾಕಿ, ಏನೂ ಹಾಕಿ ಉಜ್ಜಬೇಡಿ ಎಂದೂ ಹೇಳಿದ್ದಳಂತೆ. ಎರಡನೇ ಫೋಟೋದಲ್ಲಿ ಕಲ್ಲು ಒದ್ದೆಯಾಗಿತ್ತು. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಕೆಳಗೆ ಅವರು ಬರೆದಿದ್ದರು: "ಎರಡು ಸಾಲು ಇದೆ ಮೇಡಂ. ನಾಳೆ ಬೆಳಿಗ್ಗೆ ಓರೆ ಬಿಸಿಲಲ್ಲಿ ಇನ್ನೊಂದು ಸಲ ತೆಗೀಬೇಕಂತೆ."