ಕುಳ್ಳ ಅಂತ ಬಿಟ್ಟವರು ಕೈ ಹಿಸುಕಿಕೊಂಡರು

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಫೋನ್ ಮಾಡಿದಾಗಲೆಲ್ಲ ಆರನ್ ಡೊನಾಲ್ಡ್ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರನ ಗುಣಗಾನ ಮಾಡುತ್ತಾನೆ. ಚೆಂಡನ್ನೇ ಹೆಚ್ಚು ಮುಟ್ಟದವನಿಗೆ ಇಷ್ಟು ಹೆಸರು ಹೇಗೆ ಬಂತು?
– ಓದುಗರೊಬ್ಬರು, ಹಾಸನ

ಉತ್ತರ: ಮಗ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ ಬಿಡಿ. ಡೊನಾಲ್ಡ್‌ನ ಕೆಲಸ ಚೆಂಡು ಹಿಡಿಯೋದಲ್ಲ, ಚೆಂಡು ಎಸೆಯುವವನನ್ನು ಹಿಡಿಯೋದು. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವಿದರೆ ಅದು ‘ಸ್ಯಾಕ್’. ನಮ್ಮ ಕಬಡ್ಡಿಯಲ್ಲಿ ರೈಡರ್ ಕಾಲು ಹಿಡಿದ ಹಾಗೆ. ಆದರೆ ಇಲ್ಲಿ ಆ ಕಾಲು ಸಿಗಬೇಕಾದರೆ ಮಧ್ಯೆ ನಿಂತ ಒಬ್ಬಿಬ್ಬರು ದೈತ್ಯರನ್ನು ದಾಟಬೇಕು.

ಹುಟ್ಟಿದ್ದು 1991ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ. ಹೈಸ್ಕೂಲ್ ಹುಡುಗನಾಗಿದ್ದಾಗ ಬೆಳಗಿನ ಜಾವ ನಾಲ್ಕೂವರೆಗೇ ಅಪ್ಪ ಎಬ್ಬಿಸುತ್ತಿದ್ದರು. ಮನೆಯ ನೆಲಮಾಳಿಗೆಯಲ್ಲಿ ಅಪ್ಪ ಮಗ ಇಬ್ಬರೂ ಭಾರ ಎತ್ತಿ, ಆಮೇಲೆ ಸ್ಕೂಲು. ಕಾಲೇಜೂ ಅದೇ ಊರಿನ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ. ಕೊನೆಯ ವರ್ಷ, 2013ರಲ್ಲಿ, 11 ಸ್ಯಾಕ್ ಮಾಡಿ ಲೊಂಬಾರ್ಡಿ, ಔಟ್‌ಲ್ಯಾಂಡ್, ನಗುರ್ಸ್ಕಿ, ಬೆಡ್ನಾರಿಕ್ – ನಾಲ್ಕೂ ರಾಷ್ಟ್ರೀಯ ಪ್ರಶಸ್ತಿ ಬಾಚಿಕೊಂಡ.

ಇಷ್ಟಾದರೂ ‘ಹುಡುಗ ಕುಳ್ಳ’ ಅಂದರು! ಎತ್ತರ ಆರಡಿ ಒಂದಿಂಚು, ತೂಕ ಸುಮಾರು 130 ಕೆಜಿ. ಆ ಜಾಗಕ್ಕೆ ಇದು ಕಡಿಮೆಯಂತೆ. ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2014ರ ಡ್ರಾಫ್ಟ್‌ನಲ್ಲಿ ಹನ್ನೆರಡು ಹೆಸರು ಕೂಗಿದ ಮೇಲೆ ಇವನ ಸರದಿ. ಕೊನೆಗೆ ಆರಿಸಿದ ರಾಮ್ಸ್ ತಂಡ ಕೂಡ ಅದಕ್ಕೂ ಮೊದಲು ಬೇರೊಬ್ಬನನ್ನು ತಗೊಂಡಿತ್ತು. ನನಗನ್ನಿಸೋದು, ಆ ಕುಳ್ಳುತನವೇ ಅವನ ಬಂಡವಾಳ. ಕೆಳಗಿನಿಂದ ನುಗ್ಗುವವನನ್ನು ಮೇಲಿನಿಂದ ತಡೆಯೋದು ಕಷ್ಟ ಅಲ್ವಾ? ಕೈ ಚುರುಕಾಗಲಿ ಅಂತ ನಕಲಿ ಚಾಕು ಹಿಡಿದವರ ಎದುರು ಅಭ್ಯಾಸ ಮಾಡಿದ ಆಸಾಮಿ ಬೇರೆ.

2018ರಲ್ಲಿ ಒಂದೇ ಸೀಸನ್ನಿಗೆ 20.5 ಸ್ಯಾಕ್. (ಅರ್ಧ ಯಾಕೆ ಅಂದ್ರೆ, ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ.) 2017, 2018, 2020 – ಮೂರು ಸಲ ವರ್ಷದ ಶ್ರೇಷ್ಠ ಡಿಫೆನ್ಸ್ ಆಟಗಾರ.

ನನಗೆ ಇಷ್ಟವಾದದ್ದು ಮಾತ್ರ ಲೆಕ್ಕಕ್ಕೆ ಸಿಗದ ಒಂದು ಗಳಿಗೆ. 2022ರ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್. ನಮ್ಮಲ್ಲಿ ಸೋಮವಾರ ಬೆಳಗಿನ ತಿಂಡಿ ಹೊತ್ತು, ತಟ್ಟೆಯಲ್ಲಿ ಉಪ್ಪಿಟ್ಟು ಆರಿಹೋಗಿತ್ತು. ರಾಮ್ಸ್ 23, ಬೆಂಗಾಲ್ಸ್ 20. ಉಳಿದದ್ದು ಒಂದು ನಿಮಿಷವೂ ಇಲ್ಲ. ಬೆಂಗಾಲ್ಸ್‌ಗೆ ಕೊನೆಯ ಯತ್ನ, ಚೆಂಡು ತಮ್ಮಲ್ಲೇ ಉಳಿಯಲು ಬೇಕಿದ್ದದ್ದು ಒಂದೇ ಗಜ. ಡೊನಾಲ್ಡ್ ನುಗ್ಗಿ ಅವರ ಕ್ವಾರ್ಟರ್‌ಬ್ಯಾಕ್ ಜೋ ಬರೋನನ್ನು ಹಿಡಿದು ಗಿರ್ರನೆ ತಿರುಗಿಸಿದ. ಬರೋ ಬೀಳುತ್ತಲೇ ಎಸೆದ ಚೆಂಡು ಯಾರ ಕೈಗೂ ಸಿಗಲಿಲ್ಲ. ಚೆಂಡು ಕೈಬಿಟ್ಟಿತ್ತಲ್ಲ, ಹಾಗಾಗಿ ಅದು ಸ್ಯಾಕ್ ಅಲ್ಲ. ಡೊನಾಲ್ಡ್ ಹೆಲ್ಮೆಟ್ ಕಿತ್ತು ಉಂಗುರದ ಬೆರಳು ತೋರಿಸುತ್ತಾ ಓಡಿದ. ಗೆದ್ದವರಿಗೆ ಉಂಗುರ ಕೊಡ್ತಾರೆ, ಅದಕ್ಕೆ.

ಪ್ರಶ್ನೆ: ಈಗಲೂ ಆಡುತ್ತಿದ್ದಾರೆಯೇ?
– ಅದೇ ಓದುಗರು

ಉತ್ತರ: ಇಲ್ಲ. 2024ರ ಮಾರ್ಚ್‌ನಲ್ಲಿ, 32ನೇ ವಯಸ್ಸಿಗೇ ಸಾಕು ಅಂದುಬಿಟ್ಟ. ಹತ್ತು ಸೀಸನ್, 111 ಸ್ಯಾಕ್, ಹತ್ತಕ್ಕೆ ಹತ್ತೂ ಸಲ ಪ್ರೋ ಬೌಲ್, ಅಂದರೆ ಆ ವರ್ಷದ ತಾರೆಯರ ತಂಡಕ್ಕೆ ಆಯ್ಕೆ. ಮಗನ ಹತ್ತಿರ ಆ ಕೊನೆಯ ನಿಮಿಷದ ವಿಡಿಯೋ ಕೇಳಿ ತರಿಸಿಕೊಳ್ಳಿ. ಚೆಂಡು ನೋಡಬೇಡಿ, 99ನೇ ನಂಬರ್ ಅಂಗಿ ನೋಡಿ.