ಕಳೆದುಹೋದ ಪಾರ್ಸೆಲ್‌ಗೆ ಪೂರ್ತಿ ಬೆಲೆ ಸಿಗುತ್ತದೆಯೇ?

ಪ್ರಶ್ನೆ: ನಾನು ಮನೆಯಿಂದಲೇ ಇಳಕಲ್ ಸೀರೆಗಳನ್ನು ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಮೂಲಕ ಮಾರುತ್ತೇನೆ. ಜೂನ್ ತಿಂಗಳಲ್ಲಿ 4,800 ರೂಪಾಯಿ ಬೆಲೆಯ ಸೀರೆಯೊಂದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಪುಣೆಗೆ ಕಳಿಸಿದ್ದು ತಲುಪಲೇ ಇಲ್ಲ. ದೂರು ಕೊಟ್ಟಾಗ, ಕಟ್ಟಿದ್ದ 110 ರೂಪಾಯಿ ಶುಲ್ಕದ ಎರಡರಷ್ಟು, ಅಂದರೆ 220 ರೂಪಾಯಿ ಮಾತ್ರ ಪರಿಹಾರವೆಂದರು. ಅದೇ ತಿಂಗಳ 12ರಂದು ಖಾಸಗಿ ಕೊರಿಯರ್‌ನಲ್ಲಿ ಕಳಿಸಿದ ಎರಡು ಸೀರೆಗಳ ಪಾರ್ಸೆಲ್ ಕೂಡ ಕಳೆದುಹೋಗಿದೆ. ಕೊಂಡವರು ಹಣ ವಾಪಸು ಕೇಳುತ್ತಿದ್ದಾರೆ. ಪೂರ್ತಿ ಬೆಲೆಗಾಗಿ ಗ್ರಾಹಕ ಆಯೋಗಕ್ಕೆ ಹೋಗಬಹುದೇ? ವ್ಯಾಪಾರ ಮಾಡುವವರಿಗೆ ಅಲ್ಲಿ ಅವಕಾಶವಿಲ್ಲ ಎನ್ನುವುದು ನಿಜವೇ?
— ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ಅಂಚೆಯವರು ಹೇಳಿದ 220 ರೂಪಾಯಿ ಅವರ ಮನಸ್ಸಿಗೆ ತೋಚಿದ ಲೆಕ್ಕವಲ್ಲ. ದೇಶದೊಳಗೆ ಕಳಿಸಿದ ಸ್ಪೀಡ್ ಪೋಸ್ಟ್ ಕಳೆದುಹೋದರೆ ಕಟ್ಟಿದ ಶುಲ್ಕದ ಇಮ್ಮಡಿ ಅಥವಾ 1,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಕೊಡುವುದು ಇಲಾಖೆ ಪಾಲಿಸಿಕೊಂಡು ಬಂದಿರುವ ಸೂತ್ರ. ಒಳಗಿದ್ದದ್ದು ಸೀರೆಯೋ ಹಳೆಯ ಪತ್ರಿಕೆಯೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಇದರ ಬೇರು 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 6ನೇ ಕಲಮಿನಲ್ಲಿದೆ. ಆ ಕಾಯ್ದೆ ಹೋಗಿ, 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಗೆ ಬಂದಿದ್ದರೂ ಅದರ 10ನೇ ಕಲಮು ಅದೇ ರಕ್ಷಣೆಯನ್ನು ಮುಂದುವರಿಸಿದೆ: ಬೇರೆ ಕಾನೂನಿನಲ್ಲಿ ಏನೇ ಇದ್ದರೂ, ನಿಯಮಗಳಲ್ಲಿ ಗೊತ್ತುಪಡಿಸಿದಷ್ಟು ಹೊಣೆಯನ್ನು ಬಿಟ್ಟರೆ ಅಂಚೆ ಕಚೇರಿಗೆ ಬೇರೆ ಹೊಣೆಯಿಲ್ಲ. ನೌಕರರೊಬ್ಬರು ಮೋಸದಿಂದ ಅಥವಾ ಬೇಕೆಂದೇ ನಷ್ಟ ಮಾಡಿದ್ದಕ್ಕೆ ಆಧಾರವಿದ್ದರೆ ಆ ವ್ಯಕ್ತಿಯನ್ನು ಹೊಣೆಯಾಗಿಸಬಹುದು. ಟ್ರ್ಯಾಕಿಂಗ್ ಒಂದು ಊರಿನಲ್ಲಿ ನಿಂತುಹೋಗಿದೆ ಎಂಬುದಷ್ಟೇ ಅದಕ್ಕೆ ಸಾಲದು. ಈ ಪಾರ್ಸೆಲ್‌ಗಾಗಿ ಆಯೋಗದ ಮೆಟ್ಟಿಲು ಹತ್ತಿ ಪೂರ್ತಿ ಬೆಲೆ ಪಡೆಯುವ ಸಾಧ್ಯತೆ ತೀರ ಕಡಿಮೆ ಎಂದು ನೇರವಾಗಿಯೇ ಹೇಳಬೇಕಾಗಿದೆ. 220 ರೂಪಾಯಿಯನ್ನಾದರೂ ಬಿಡಬೇಡಿ. ಅದೂ ಬರದಿದ್ದರೆ ವಿಭಾಗೀಯ ಅಂಚೆ ಅಧೀಕ್ಷಕರಿಗೆ ಬರೆಯಿರಿ, ಇಲ್ಲವೇ ಅಂಚೆ ಇಲಾಖೆ ದೂರುಗಳನ್ನು ಆಲಿಸಲು ನಡೆಸುವ ಡಾಕ್ ಅದಾಲತ್‌ನಲ್ಲಿ ವಿಷಯವನ್ನು ಇಡಿ.

ಪೂರ್ತಿ ಬೆಲೆಯ ಬಾಗಿಲು ತೆರೆಯುವುದು ಬುಕಿಂಗ್ ಕೌಂಟರಿನಲ್ಲಿ, ವಿಮೆ ಮಾಡಿಸಿದಾಗ ಮಾತ್ರ. ವಿಮೆ ಮಾಡಿಸಿದ ಪಾರ್ಸೆಲ್ ಕಳೆದರೆ ಘೋಷಿಸಿದ ಮೊತ್ತದ ಮಿತಿಯೊಳಗೆ ನಿಜವಾದ ನಷ್ಟ ಸಿಗುತ್ತದೆ. 4,800ರ ಸೀರೆಗೆ 10,000 ಎಂದು ಬರೆಸಿದರೆ ಹೆಚ್ಚುವರಿ ಶುಲ್ಕ ದಂಡವಾಗುವುದೇ ಹೊರತು ಪರಿಹಾರ ಬೆಳೆಯುವುದಿಲ್ಲ. ನಷ್ಟವನ್ನು ತೋರಿಸಲು ಮಾರಾಟದ ಬಿಲ್ಲು ಮತ್ತು ಕಟ್ಟುವಾಗ ತೆಗೆದ ಫೋಟೊ ಬೇಕಾಗುತ್ತವೆ. 2025ರ ಅಕ್ಟೋಬರ್‌ನಿಂದ ಸ್ಪೀಡ್ ಪೋಸ್ಟ್‌ಗೆ 5 ರೂಪಾಯಿ ಮತ್ತು ಜಿಎಸ್‌ಟಿ ಸೇರಿಸಿ ಕೊಟ್ಟರೆ ಒಟಿಪಿ ಹೇಳಿದವರಿಗಷ್ಟೇ ಬಟವಾಡೆ ಮಾಡುವ ಸೌಲಭ್ಯವೂ ಇದೆ. ಪಕ್ಕದ ಮನೆಯವರ ಕೈಗೆ ಹೋಗಿ ಮಾಯವಾಗುವ ಪಾರ್ಸೆಲ್‌ಗಳ ಮಟ್ಟಿಗೆ ಇದು ವಿಮೆಗಿಂತ ಅಗ್ಗದ ಉಪಾಯ.

ಕೊಂಡವರ ಹಣದ ಬಗ್ಗೆ: 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನ ಪ್ರಕಾರ ಸಾಗಿಸುವವರಿಗೆ ಸರಕನ್ನು ಒಪ್ಪಿಸುವುದೇ ಮೇಲ್ನೋಟಕ್ಕೆ ಕೊಳ್ಳುವವರಿಗೆ ಒಪ್ಪಿಸಿದಂತೆ. ಆದರೆ ಅದೇ ಕಲಮು, ಸರಕಿನ ಸ್ವರೂಪಕ್ಕೆ ತಕ್ಕ ಸಾಗಾಟದ ಏರ್ಪಾಡನ್ನು ಮಾರುವವರು ಮಾಡಿರಬೇಕು ಎಂದೂ ಹೇಳುತ್ತದೆ. ವಿಮೆಯಿಲ್ಲದೆ ಕಳಿಸಿದ ನಿಮಗೆ ಈ ವಾದ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಹಣ ಹಿಂತಿರುಗಿಸಿ, ಪರಿಹಾರ ಕೇಳುವ ಹಕ್ಕು ಕಳಿಸಿದವರಾದ ನಿಮ್ಮಲ್ಲೇ ಉಳಿಯುತ್ತದೆ.

ಖಾಸಗಿ ಕೊರಿಯರ್ ವಿಚಾರ ಬೇರೆಯೇ. ಅದಕ್ಕೆ ಅಂಚೆ ಕಾಯ್ದೆಯ ಕವಚವಿಲ್ಲ. 2007ರ ರಸ್ತೆ ಮೂಲಕ ಸಾಗಾಟ ಕಾಯ್ದೆ ಕೊರಿಯರ್ ಸಂಸ್ಥೆಗಳನ್ನು ಹೆಸರಿಸಿಯೇ ಒಳಗೊಂಡಿದೆ. ಹೆಚ್ಚಿನ ಬೆಲೆಯನ್ನು ಘೋಷಿಸದಿದ್ದರೆ ಅದರ ನಿಯಮಗಳಂತೆ ಹೊಣೆಯ ಮಿತಿ ಸಾಗಾಟದ ದರದ ಹತ್ತರಷ್ಟು. ರಸೀದಿಯ ಸಣ್ಣ ಅಕ್ಷರಗಳನ್ನೂ ಓದಿ: ತಿರುಪ್ಪೂರಿನ ಭಾರತಿ ನಿಟಿಂಗ್ ಕಂಪನಿ ಡಿಎಚ್‌ಎಲ್ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ, ಸಹಿ ಹಾಕಿದ ರಸೀದಿಯಲ್ಲಿದ್ದ 100 ಡಾಲರ್ ಮಿತಿಯೇ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪಿತ್ತಿತು. ನೀವು ಸಹಿ ಹಾಕಿದ್ದೀರೋ ಇಲ್ಲವೋ, ಷರತ್ತುಗಳನ್ನು ತಿಳಿಸಿದ್ದರೋ ಇಲ್ಲವೋ ಎಂಬುದರ ಮೇಲೆ ನಿಮ್ಮ ವಾದದ ಬಲ ನಿಂತಿದೆ.

ವ್ಯಾಪಾರಿಗಳಿಗೆ ಆಯೋಗದಲ್ಲಿ ಅವಕಾಶವಿಲ್ಲ ಎಂಬ ಮಾತು ಅರ್ಧ ನಿಜ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರನ್ನು ಹೊರಗಿಡುತ್ತದೆ. ಆದರೆ ಕೊಂಡ ಸರಕನ್ನು ಸ್ವಯಂ ಉದ್ಯೋಗದಿಂದ ಜೀವನ ಸಾಗಿಸುವುದಕ್ಕಷ್ಟೇ ಬಳಸಿದ್ದರೆ ಅದನ್ನು ವಾಣಿಜ್ಯ ಉದ್ದೇಶವೆಂದು ಎಣಿಸುವುದಿಲ್ಲ; ಈ ವಿವರಣೆ ಸರಕನ್ನಷ್ಟೇ ಹೆಸರಿಸುವುದರಿಂದ, ಕೊರಿಯರ್‌ನಂಥ ಸೇವೆಗೂ ಅದು ಅನ್ವಯಿಸಬೇಕೆಂದು ನೀವು ವಾದಿಸಬೇಕಾಗುತ್ತದೆ. ಮನೆಯಿಂದ ಒಬ್ಬರೇ ನಡೆಸುವ ಈ ಮಾರಾಟವೇ ನಿಮ್ಮ ಜೀವನೋಪಾಯವೆಂಬುದನ್ನು ದೂರಿನ ಮೊದಲ ಪುಟದಲ್ಲೇ ಬರೆಯಿರಿ. ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ.

ಆದರೆ ಈ ಎರಡು ವರ್ಷವನ್ನು ನಂಬಿ ಕೂರಬೇಡಿ. 2007ರ ಕಾಯ್ದೆಯಡಿ ಮುಂದುವರಿಯಬೇಕಾದರೆ ಬುಕಿಂಗ್ ದಿನದಿಂದ 180 ದಿನಗಳೊಳಗೆ ಕೊರಿಯರ್ ಸಂಸ್ಥೆಗೆ ಲಿಖಿತ ನೋಟಿಸು ತಲುಪಿರಬೇಕು. ಜೂನ್ 12ರ ಬುಕಿಂಗ್‌ಗೆ ಆ ಅವಧಿ ಡಿಸೆಂಬರ್ 9ಕ್ಕೆ ಮುಗಿಯುತ್ತದೆ. ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ಬಟವಾಡೆಯ ದಾಖಲೆಯನ್ನು ಮುದ್ರಿಸಿ ರಸೀದಿಯೊಂದಿಗೆ ಇಟ್ಟುಕೊಳ್ಳಿ.