ಸಾರಿನ ಅರಿಶಿನ ಬೇರೆ, ಕ್ಯಾಪ್ಸೂಲಿನ ಅರಿಶಿನ ಬೇರೆ

ಪತ್ರ: "ಕಳೆದ ಸಂಚಿಕೆಯ ಅರಿಶಿನದ ಲೇಖನ ಓದಿ ನಮ್ಮಮ್ಮ ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್‌ನ ಕ್ಯಾಪ್ಸೂಲ್ ತರಿಸಿಕೊಂಡು ದಿನಕ್ಕೆ ಎರಡು ತಗೊಳ್ತಿದ್ದಾರೆ. ವಯಸ್ಸು 64. ಮೊಣಕಾಲು ನೋವು, ಊತ. ಆರು ವರ್ಷದ ಹಿಂದೆ ಹೃದಯದ ಕವಾಟ ಬದಲಾಯಿಸಿದ್ದಾರೆ, ಆಗಿನಿಂದ ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ಇದೆ. ಈಗ ನೋವು ಕಡಿಮೆ ಅಂತಾರೆ. ಡಾಕ್ಟರಿಗೆ ಒಂದು ಮಾತು ಹೇಳೋಣ ಅಂದರೆ, 'ಅರಿಶಿನಕ್ಕೂ ಡಾಕ್ಟರನ್ನು ಕೇಳಬೇಕಾ, ಹುಟ್ಟಿದಾಗಿನಿಂದ ತಿಂತಿದ್ದೀನಿ' ಅಂತಾರೆ. ಗಿಡದಿಂದ ಬಂದಿದ್ದು ತಾನೇ, ಏನಾದರೂ ತೊಂದರೆ ಇದೆಯಾ?" (ಓದುಗರು, ದಾವಣಗೆರೆ)

ನಮಸ್ಕಾರ. ಮಿಕ್ಕಿದ್ದನ್ನು ಆಮೇಲೆ ಓದಿ, ಮೊದಲು ಅಮ್ಮನ ಹೃದಯದ ಡಾಕ್ಟರಿಗೆ ಫೋನ್ ಮಾಡಿ. ಕ್ಯಾಪ್ಸೂಲ್ ಹೆಸರು, ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಎಲ್ಲ ಹೇಳಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುವ ಐಎನ್‌ಆರ್ ಪರೀಕ್ಷೆ ಇವತ್ತೇ ಮಾಡಿಸಬೇಕಾ ಅಂತ ಕೇಳಿ. ಅಲ್ಲಿಯವರೆಗೆ ಕ್ಯಾಪ್ಸೂಲ್ ಬೇಡ. ಆದರೆ ವಾರ್ಫರಿನ್ನನ್ನು ನೀವಾಗಿಯೇ ನಿಲ್ಲಿಸಬೇಡಿ, ಕಡಿಮೆಯೂ ಮಾಡಬೇಡಿ, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಅದು ಇನ್ನೂ ದೊಡ್ಡ ಅಪಾಯ. ಒಸಡಿನಲ್ಲಿ ರಕ್ತ, ಕಪ್ಪು ಮಲ, ಎಲ್ಲೂ ತಾಗದೆ ಮೈಮೇಲೆ ನೀಲಿ ಕಲೆ, ಇವುಗಳಲ್ಲಿ ಒಂದು ಕಂಡರೂ ಫೋನಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಇಷ್ಟು ಅವಸರ ಯಾಕೆ ಅಂದರೆ, 2018ರಲ್ಲಿ ನ್ಯೂಜಿಲೆಂಡಿನ ಔಷಧ ಸುರಕ್ಷತಾ ಸಂಸ್ಥೆ ಮೆಡ್‌ಸೇಫ್ ಒಂದು ಎಚ್ಚರಿಕೆ ಹೊರಡಿಸಿತ್ತು. ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ ಒಬ್ಬರ ಐಎನ್‌ಆರ್ ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಅರಿಶಿನದ ಒಂದು ಉತ್ಪನ್ನ ಶುರು ಮಾಡಿದ ಕೆಲವೇ ವಾರಗಳಲ್ಲಿ ಅದು 10 ದಾಟಿತು. ಕವಾಟ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಅದು 2ರಿಂದ 3.5ರ ಒಳಗೆ ಇರಬೇಕು. 10 ದಾಟಿದರೆ ಎಲ್ಲಿ ಬೇಕಾದರೂ ರಕ್ತ ಸೋರಬಹುದು, ತಲೆಯೊಳಗೂ.

ಅಮ್ಮನ ಪ್ರಶ್ನೆ ನ್ಯಾಯವಾದದ್ದೇ. ಹುಟ್ಟಿದಾಗಿನಿಂದ ತಿಂದಿದ್ದು ಈಗ ಹೇಗೆ ತೊಂದರೆ ಮಾಡುತ್ತದೆ? ಲೆಕ್ಕ ಹಾಕಿ ನೋಡಿ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಭಾಗ. ಒಂದು ಟೀ ಚಮಚ ಪುಡಿ 3 ಗ್ರಾಂ ಅಂತ ಇಟ್ಟುಕೊಂಡರೆ ಅದರಲ್ಲಿ 90 ಮಿಲಿಗ್ರಾಂ. ಸಾರಿಗೆ ಹಾಕುವುದು ಒಂದು ಚಿಟಿಕೆ, ಅದೂ ಮನೆಯವರೆಲ್ಲರ ಪಾಲಿಗೆ. ಅಂಗಡಿಯ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಅರಿಶಿನದಿಂದ ತೆಗೆದ 500 ಮಿಲಿಗ್ರಾಂ ಸಾರ ಇರುತ್ತದೆ, ಅದರಲ್ಲಿ ನೂರಕ್ಕೆ 95 ಭಾಗ ಕರ್ಕ್ಯುಮಿನ್ ಗುಂಪಿನದ್ದೇ. ಅಂದರೆ ಒಂದು ಕ್ಯಾಪ್ಸೂಲಿಗೆ ಹೆಚ್ಚು ಕಡಿಮೆ ಐದು ಚಮಚ ಅರಿಶಿನ, ಎರಡಕ್ಕೆ ಹತ್ತು. ಹತ್ತು ಚಮಚ ಅರಿಶಿನ ಹಾಕಿದ ಸಾರನ್ನು ಅಮ್ಮ ಯಾವತ್ತೂ ಬಾಯಿಗಿಟ್ಟಿರಲಾರರು, ಅಲ್ವಾ? ಆಹಾರದ ಬಣ್ಣವಾಗಿ ಕರ್ಕ್ಯುಮಿನ್ನಿಗೆ ಅಂತಾರಾಷ್ಟ್ರೀಯ ತಜ್ಞರ ಸಮಿತಿ ಇಟ್ಟಿರುವ ಮಿತಿ ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 3 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ 180. ಎರಡು ಕ್ಯಾಪ್ಸೂಲ್ ಅದರ ಐದು ಪಟ್ಟು ದಾಟುತ್ತದೆ.

ಇನ್ನೊಂದು ವಿಷಯ ಮೆಣಸಿನದ್ದು. ಡಬ್ಬಿಯ ಹಿಂದೆ ನೋಡಿ, ಪೈಪರಿನ್ ಅಂತ ಬರೆದಿರುವ ಸಾಧ್ಯತೆ ಜಾಸ್ತಿ. ಅದು ಕಾಳುಮೆಣಸಿನ ಖಾರದ ಅಂಶ. ಕರ್ಕ್ಯುಮಿನ್ನಿಗೆ ನೀರು ಆಗಿಬರುವುದಿಲ್ಲ, ಬಿಳಿ ಅಂಗಿಗೆ ಅರಿಶಿನ ಬಿದ್ದರೆ ಬರೀ ನೀರಲ್ಲಿ ಎಷ್ಟು ತೊಳೆದರೂ ಹೋಗದಿರುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗಾಗಿ ಅದು ರಕ್ತಕ್ಕೆ ಸೇರುವುದು ಕಡಿಮೆ, ಕರುಳಿನಲ್ಲೂ ಹೆಚ್ಚು ಹೊತ್ತು ನಿಲ್ಲದೆ ಒಡೆದುಹೋಗುತ್ತದೆ, ಉಳಿದದ್ದನ್ನು ಯಕೃತ್ತು ಬೇಗ ಸಾಗಹಾಕುತ್ತದೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಇದನ್ನೇ ಅಳೆದು ನೋಡಿದರು. ಬರೀ 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ದೇಹಕ್ಕೆ ಸೇರಿದ್ದು 20 ಪಟ್ಟು ಏರಿತು. ಜಗತ್ತಿನಾದ್ಯಂತ ಡಬ್ಬಿಗಳ ಮೇಲೆ ಕಾಣುವ ಆ "20 ಪಟ್ಟು" ನಮ್ಮೂರಿನ ಈ ಲೆಕ್ಕವೇ. ಆದರೆ ಡಬ್ಬಿ ಇನ್ನೊಂದು ಮಾತನ್ನು ಹೇಳುವುದಿಲ್ಲ. ಪೈಪರಿನ್ ಕೆಲಸ ಮಾಡುವುದೇ ಯಕೃತ್ತು ಮತ್ತು ಕರುಳು ಪದಾರ್ಥಗಳನ್ನು ಹೊರಹಾಕುವ ದಾರಿಗೆ ಅಡ್ಡ ನಿಂತು. ಹಾಗೆ ಅಡ್ಡ ನಿಂತಾಗ ಕರ್ಕ್ಯುಮಿನ್ ಒಂದೇ ಅಲ್ಲ, ಅಮ್ಮ ನುಂಗುವ ಬೇರೆ ಮಾತ್ರೆಗಳೂ ಹೊರಗೆ ಹೋಗದೆ ರಕ್ತದಲ್ಲಿ ಜಮೆಯಾಗಬಹುದು.

ಹಾಗಾದರೆ ಅಮ್ಮನ ನೋವು ಕಡಿಮೆಯಾದದ್ದು ಸುಮ್ನೆ ಭ್ರಮೆಯಾ? ಅಲ್ಲ, ಅದನ್ನು ನಾನು ನಂಬುತ್ತೇನೆ. ಥಾಯ್ಲೆಂಡಿನಲ್ಲಿ ಮೊಣಕಾಲು ಸವೆದ 367 ಮಂದಿಯ ಮೇಲೆ ನಾಲ್ಕು ವಾರ ನಡೆದ ಪರೀಕ್ಷೆ 2014ರಲ್ಲಿ ಪ್ರಕಟವಾಯಿತು. ನೋವಿನ ಮಟ್ಟಿಗೆ ಅರಿಶಿನದ ಸಾರ ಐಬುಪ್ರೊಫೆನ್ನಿಗೆ ಹೆಚ್ಚು ಕಡಿಮೆ ಸರಿಸಮ ನಿಂತಿತು, ಹೊಟ್ಟೆನೋವಿನ ಕಾಟವೂ ಕಡಿಮೆ ಇತ್ತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮಾತ್ರ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಪರೀಕ್ಷೆ. 70 ಜನ, 12 ವಾರ. ಅರ್ಧ ಜನಕ್ಕೆ ಅರಿಶಿನದ ಸಾರ, ಅರ್ಧ ಜನಕ್ಕೆ ಔಷಧವಿಲ್ಲದ ಮಾತ್ರೆ. ಸಾರ ತಗೊಂಡವರಿಗೆ ನೋವು ಹೆಚ್ಚು ಇಳಿಯಿತು. ಆದರೆ ಎಂಆರ್‌ಐ ಮಾಡಿ ನೋಡಿದರೆ ಕೀಲಿನೊಳಗಿನ ನೀರು ಮತ್ತು ಊತದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. "ಉರಿಯೂತವನ್ನು ಬೇರುಸಹಿತ ಕೀಳುತ್ತದೆ" ಅಂತ ಎಲ್ಲ ಕಡೆ ಬರೆಯುತ್ತಾರೆ, ನಾವೂ ಬರೆದೆವು. ನೋವು ಇಳಿದ ಮಾತ್ರಕ್ಕೆ ಒಳಗಿನ ಊತ ಇಳಿದಿದೆ ಅಂತ ತಿಳಿಯುವ ಹಾಗಿಲ್ಲ.

ಇನ್ನು "ಗಿಡದಿಂದ ಬಂದಿದ್ದು ತಾನೇ" ಅನ್ನುವ ಮಾತು. ನಾವು ಇಂಗ್ಲಿಷ್ ಮಾತ್ರೆ ಅಂತ ಕರೆಯುವ ಆಸ್ಪಿರಿನ್ನಿನ ಬೇರು ವಿಲೋ ಮರದ ತೊಗಟೆಯಲ್ಲಿದೆ. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ ಆ ತೊಗಟೆಯ ಪುಡಿ ಜ್ವರಕ್ಕೆ ಆಗುತ್ತದೆ ಅಂತ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. ಗೌಟ್ ಎಂಬ ಕೀಲುನೋವಿಗೆ ಕೊಡುವ ಕಾಲ್ಚಿಸಿನ್ ಕೂಡ ಗಿಡದ್ದೇ. ಮಳೆಗಾಲದಲ್ಲಿ ಬೇಲಿಗೆ ಹಬ್ಬಿ ಬೆಂಕಿ ಬಣ್ಣದ ಹೂ ಬಿಡುವ ಅಗ್ನಿಶಿಖೆ, ಅಂದರೆ ಗೌರಿ ಹೂವಿನ ಗಿಡದಲ್ಲೂ ಅದಿದೆ. ಆ ಗಿಡದ ಗೆಡ್ಡೆ ತಿಂದು ಸತ್ತವರೂ ಇದ್ದಾರೆ. ಕೊರೊನಾ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ದಿನಾ ಅಮೃತಬಳ್ಳಿ ಕಷಾಯ ಕುಡಿದರು, ಅದನ್ನು ಕುಡಿದ ಮೇಲೆ ಯಕೃತ್ತಿಗೆ ಪೆಟ್ಟು ಬಿದ್ದವರ ಪ್ರಕರಣಗಳನ್ನು 2021ರಲ್ಲಿ ಮುಂಬೈನ ವೈದ್ಯರು ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅರಿಶಿನದ ಕ್ಯಾಪ್ಸೂಲಿನಿಂದ ಯಕೃತ್ತು ಕೆಟ್ಟವರ ವರದಿಗಳು ಇಟಲಿ, ಅಮೆರಿಕ ಎರಡೂ ಕಡೆಯಿಂದ ಬಂದಿವೆ. ಹಾಗೆ ಆಗುವುದು ಅಪರೂಪ. ಆದರೂ ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ತಡಮಾಡಬೇಡಿ.

ಅಮ್ಮನಿಗೆ ನೋವಂತೂ ಇದೆಯಲ್ಲ, ಅದಕ್ಕೇನು ಮಾಡುವುದು? ಅಂಗಡಿಯ ನೋವಿನ ಮಾತ್ರೆ ಬೇಡ, ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಕೂಡ ವಾರ್ಫರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸುರಿಸಬಲ್ಲವು. ಘಾಟಿನ ನೋವಿನ ಮುಲಾಮನ್ನೂ ಕೇಳದೆ ತಿಕ್ಕಬೇಡಿ, ಬಹಳಷ್ಟರಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ, ಅದು ಆಸ್ಪಿರಿನ್ನಿನ ದಾಯಾದಿ, ಚರ್ಮದ ಮೂಲಕವೇ ಒಳಗೆ ಇಳಿದು ಐಎನ್‌ಆರ್ ಏರಿಸಬಲ್ಲದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಇರುವ ಕ್ರೀಮ್ ಆಗಬಹುದಾ ಅಂತ ಡಾಕ್ಟರನ್ನು ಕೇಳಿ. ಅದು ನೋವಿನ ನರಗಳ ತುದಿಯನ್ನು ದಣಿಸಿ ಕೆಲಸ ಮಾಡುತ್ತದೆ, ಮೊದಲ ಕೆಲವು ದಿನ ಉರಿಯುತ್ತದೆ, ಹಚ್ಚಿದ ಕೈ ಕಣ್ಣಿಗೆ ತಾಗಬಾರದು. ಇವೆಲ್ಲಕ್ಕಿಂತ ಮೊಣಕಾಲಿಗೆ ಹೆಚ್ಚು ಆಸರೆ ಕೊಡುವುದು ತೊಡೆಯ ಸ್ನಾಯು. ಕುರ್ಚಿಯಲ್ಲಿ ಕೂತು ಕಾಲನ್ನು ನೇರಕ್ಕೆ ಚಾಚಿ, ಹತ್ತು ಎಣಿಸಿ, ಇಳಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರ ಹತ್ತಿರ ಒಮ್ಮೆ ಸರಿಯಾಗಿ ಕಲಿತು ದಿನಾ ಮಾಡಲಿ.

ಸಾರಿಗೆ, ಪಲ್ಯಕ್ಕೆ ಅರಿಶಿನ ಎಂದಿನ ಹಾಗೆ ಇರಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ, ಇದನ್ನು ಅಮ್ಮನಿಗೆ ಮೊದಲೇ ಹೇಳಿಬಿಡಿ, ಆಗ ಮಿಕ್ಕಿದ್ದನ್ನೂ ಕೇಳಿಸಿಕೊಳ್ಳುತ್ತಾರೆ.

ಕಳೆದ ಸಂಚಿಕೆಯ ಲೇಖನದಲ್ಲಿ "ಅಡ್ಡ ಪರಿಣಾಮವೇ ಇಲ್ಲ" ಅನ್ನುವ ಸಾಲು ಇತ್ತು. ಅದನ್ನು ಓದಿ ಅಚ್ಚಿಗೆ ಬಿಟ್ಟವನು ನಾನೇ. ಬೇರೆ ಮಾತ್ರೆ ತಗೊಳ್ಳುವವರ ಬಗ್ಗೆ ಒಂದು ಸಾಲಾದರೂ ಸೇರಿಸಿ ಅಂತ ಲೇಖಕರನ್ನು ಕೇಳಬೇಕಿತ್ತು, ಕೇಳಲಿಲ್ಲ. ನಿಮ್ಮಲ್ಲೂ ನಿಮ್ಮ ಅಮ್ಮನಲ್ಲೂ ಕ್ಷಮೆ ಕೇಳುತ್ತೇನೆ. ತಿದ್ದುಪಡಿಯನ್ನು ಇದೇ ಪುಟದಲ್ಲಿ ಹಾಕಿದ್ದೇವೆ. ಐಎನ್‌ಆರ್ ರಿಪೋರ್ಟ್ ಬಂದ ಕೂಡಲೇ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.